ಆಡಿನ ಪರ ನನ್ನ ಮೊದಲ ವಕಾಲತ್ತು

ಸುಬೇದಾರ್ ಶರಣಪ್ಪನವರು ಟೈಪ್ ಮಾಡುವಾಗಲೂ ಪರೇಡಿನಲ್ಲಿದ್ದಂತೆ ಎದೆ ಸೆಟೆಸಿ ಕೂಡುತ್ತಿದ್ದರು. ಸಾಲು ಮುಗಿದು ಯಂತ್ರ ಗಂಟೆ ಹೊಡೆದಾಗಲೆಲ್ಲ "ಶಾಬ್ಬಾಸ್!" ಎಂದು ಅದರ ಬೆನ್ನು ತಟ್ಟುತ್ತಿದ್ದರು. ಸೈನ್ಯದಿಂದ ನಿವೃತ್ತರಾದ ಮೇಲೆ ದಿನಾ ಕಮಲಾಪುರದಿಂದ ಯಂತ್ರ ಹೊತ್ತು ಬಸ್ಸಿಗೆ ಬಂದು ಕಲಬುರಗಿಯ ಕೋರ್ಟಿನೆದುರು ಅರ್ಜಿ ಟೈಪ್ ಮಾಡುವುದು ಅವರ ಕೆಲಸ.

ತೊಂಬತ್ತರ ದಶಕವದು. ನಾನು ಕಲಬುರಗಿಯದೇ ಶಹಾಬಜಾರದ ಹುಡುಗಿ, ಕಾನೂನು ಓದುತ್ತಾ ಕೋರ್ಟಿಗೆ ಹೋಗಿಬರುವಾಗ ಅವರ ಪರಿಚಯವಾಗಿತ್ತು. ಸೈನ್ಯದಲ್ಲೂ ವಕೀಲರಿರುತ್ತಾರೆ, ಈಗ ಹುಡುಗಿಯರನ್ನೂ ತಗೊಳ್ಳುತ್ತಾರೆ ಎಂದು ನನ್ನ ತಲೆಯಲ್ಲಿ ಹುಳ ಬಿಟ್ಟವರು ಅವರೇ.

"ನಮ್ಮ ಪಲ್ಟನ್‌ದಾಗ ಒಬ್ಬ ಸಿಪಾಯಿ ಮ್ಯಾಲ ಕೇಸಾತು ತಂಗಿ. ಅವನ ಪರ ನೆಟ್ಟಗ ಮಾತಾಡ್ಲಾಕ ಒಬ್ರೂ ಬರಲಿಲ್ಲ. ನೀ ಅಲ್ಲಿಗಿ ಹೋಗು."

ಅಪ್ಪ ಹದಿನೈದು ದಿನ ಮುಖ ಊದಿಸಿಕೊಂಡಿದ್ದು, "ಒಂದೇ ಸಲ ಅರ್ಜಿ ಹಾಕು, ಆಮ್ಯಾಲ ಇಲ್ಲೇ ಕರಿ ಕೋಟು ಹಾಕ್ಕೋ" ಎಂದರು. ಭಾನುವಾರ ಅರ್ಜಿ ಹಿಡಿದು ಸುಬೇದಾರರಿಗೆ ತೋರಿಸಲು ಕಮಲಾಪುರಕ್ಕೆ ಓಡಿದೆ. ಸುಬೇದಾರರ ಹೆಂಡತಿ, ನನ್ನ ಪಾಲಿನ ಕಾಕು, ಕೊಟ್ಟ ಕೆಂಪು ಬಾಳೆಹಣ್ಣು ಸುಲಿಯುವಷ್ಟರಲ್ಲಿ ಅವರ ಆಡು ಚಂದ್ರಿ ನನ್ನ ಅರ್ಜಿಯನ್ನು ಫೋಟೋ ಸಮೇತ ತಿಂದು ಮುಗಿಸಿತ್ತು! ಕೊನೆಯ ದಿನಕ್ಕೆ ಒಂದೇ ವಾರ. ಅಪ್ಪನಿಗೆ ಗೊತ್ತಾದರೆ ಅಪಶಕುನವೆಂದು ಅಲ್ಲಿಗೇ ಮುಗಿಸುತ್ತಿದ್ದರು. ಗೊಳೋ ಎಂದು ಅತ್ತೆ.

ಸುಬೇದಾರರು ಹಳೆಯ ಮಿಲಿಟರಿ ಟೋಪಿ ಹಾಕಿ ಹಗ್ಗದ ಹೊರಸಿನ ಮೇಲೆ ಕೂತರು. "ಕೋರ್ಟ್ ಮಾರ್ಷಲ್ ಶುರು! ಸರ್ಕಾರದ ಪರ ನನ್ನ ಹೇಣ್ತಿ. ಚಂದ್ರಿ ಪರ ನೀ."

"ನಾನೇನ್ರಿ ಕಾಕಾ? ನನ್ನ ಅರ್ಜೀನೇ ತಿಂದದ!"

"ಅದಕ್ಕ ನೀನ. ಯಾರ ಮ್ಯಾಲ ಸಿಟ್ಟದ, ಅವರ ಪರ ನಿಂತ್ರನ ನೀ ವಕೀಲ."

ಕಾಕು ಸೆರಗು ಬಿಗಿದರು. "ಸಾಹೇಬ್ರ, ಹ್ವಾದ ವಾರ ಇದು ನನ್ನ ಕುಬಸಾನೂ ತಿಂದದ್ರಿ!"

ನಾನು ಮೂಗೊರೆಸಿಕೊಂಡು ಎದ್ದೆ. "ಅದು ಇವತ್ತಿನ ಕೇಸಿಗಿ ಸಂಬಂಧಿಲ್ರಿ! ಬುಟ್ಟಿ ಖಾಲಿ ಅದ ನೋಡ್ರಿ, ಮುಂಜಾನಿಂದ ಆಡಿಗಿ ಮೇವಿಲ್ಲ. ಮೇವು ಹಾಕೋದು ಯಾರ ಡ್ಯೂಟಿರಿ, ಸಾಹೇಬ್ರ?"

ಡ್ಯೂಟಿ ಸಾಹೇಬರದೇ! ಕಾಕು ಹೊಟ್ಟೆ ಹಿಡಿದುಕೊಂಡು ನಗುತ್ತಾ ಕಟ್ಟೆಯ ಮೇಲೆ ಕುಸಿದರು. ಸುಬೇದಾರರ ಮೀಸೆ ಕುಣಿಯಿತು. "ತೀರ್ಪು ಬಾಕಿ. ನೀ ವರ್ದಿ ಹಾಕ್ಕೊಂಡು ಬಂದ ದಿನ ಹೇಳ್ತೀನಿ" ಎಂದವರೇ ಯಂತ್ರಕ್ಕೆ ಹೊಸ ಹಾಳೆ ಏರಿಸಿದರು. ಅವತ್ತು ಎಷ್ಟು ಶಾಬ್ಬಾಸ್ ಹೇಳಿದರೋ!

ಆಯ್ಕೆಯಾಗಿ, ತರಬೇತಿ ಮುಗಿಸಿ ವರ್ದಿಯಲ್ಲೇ ಕಮಲಾಪುರಕ್ಕೆ ಹೋದೆ. ಅಷ್ಟು ದಿನವೂ ಸುಬೇದಾರರು ಆಡು ಕೊಳ್ಳಲು ಬಂದವರನ್ನೆಲ್ಲ "ಕೇಸ್ ನಡದದ, ಮಾರಂಗಿಲ್ಲ" ಎಂದು ಅಟ್ಟಿದ್ದರಂತೆ. ಹಾಸಿಗೆ ಹಿಡಿದಿದ್ದ ಅವರು ನನ್ನನ್ನು ನೋಡಿ ಟೋಪಿ ಕೇಳಿ ಹಾಕಿಸಿಕೊಂಡರು.

"ಚಂದ್ರಿ ನಿರ್ದೋಷಿ. ಮೇವು ಹಾಕದ ತಪ್ಪು ನಂದು. ಬರಕೋ, ಮೇಡಂ."

ಮುಂದಿನ ರಜೆಯಲ್ಲಿ ಹೋದಾಗ ಹೊರಸು ಖಾಲಿಯಿತ್ತು. ಚಂದ್ರಿ ಕೊರಳಲ್ಲಿ ಹಗ್ಗವಿಲ್ಲದೆ ಅಂಗಳವೆಲ್ಲ ಸುತ್ತುತ್ತಿತ್ತು. "ಬಿಡುಗಡಿ ಆಗ್ಯದಲ್ಲ, ಸಾಹೇಬರ ಹುಕುಂ" ಎಂದರು ಕಾಕು. ನಾನು ಮೊದಲು ಅದಕ್ಕೆ ಮೇವು ಹಾಕಿ, ಆಮೇಲೆ ಕೂತು ಅತ್ತೆ.