ಸಾಕು ಸಿಸ್ಟರ್
ನಮ್ಮ ತೀವ್ರ ನಿಗಾ ಘಟಕದ ಹಿರಿಯ ನರ್ಸಿನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಉಳಿದವರಿಗೆಲ್ಲ ಆಕೆ ‘ಸಾಕು ಸಿಸ್ಟರ್’. ಶ್ವಾಸಕೋಶದ ದೊಡ್ಡ ಡಾಕ್ಟರು ರೋಗಿಯ ಶ್ವಾಸನಾಳಕ್ಕೆ ಕ್ಯಾಮೆರಾ ಇಳಿಸುವ ಬ್ರಾಂಕೋಸ್ಕೋಪಿಗೆ ಬರುವಾಗ ಗಾಳಿಯನ್ನು ತಾವೇ ಕಂಡುಹಿಡಿದವರಂತೆ ಬರುತ್ತಾರೆ, ಕಿರಿಯರೆಲ್ಲ ಗೋಡೆಗೆ ಅಂಟಿಕೊಳ್ಳುತ್ತಾರೆ. ಸಿಸ್ಟರ್ ಮಾತ್ರ ಮಂಚದ ತಲೆಯ ಬಳಿ ಕಂಬದಂತೆ ನಿಂತು, ಪ್ರಜ್ಞೆಯಿಲ್ಲದ ರೋಗಿಯ ಕಿವಿಯಲ್ಲಿ “ಅಣ್ಣಾ, ಒಳಗೆ ಕಫ ಕಟ್ಟಿದೆ, ತೆಗೀತಾರೆ. ನಾನಿಲ್ಲೇ ಇದೀನಿ” ಎನ್ನುತ್ತಾರೆ. ಉಸಿರಾಟದ ಕೊಳವೆಯೊಳಗೆ ಕ್ಯಾಮೆರಾದ ನಳಿಕೆ ಇಳಿದರೆ ಗಾಳಿಗೆ ಉಳಿಯುವ ದಾರಿ ಅಷ್ಟಕ್ಕಷ್ಟೆ. ಕಫದ ಗಟ್ಟಿ ಇನ್ನೇನು ಸಿಕ್ಕಿತು ಎನ್ನುವಾಗಲೇ ಆಜ್ಞೆ ಹೊರಡುತ್ತದೆ. “ಸಾಕು ಡಾಕ್ಟ್ರೇ, ಹೊರಗೆ ತೆಗೀರಿ.” “ಆಕ್ಸಿಜನ್ ಇನ್ನೂ ತೊಂಬತ್ತಾರಿದೆಯಲ್ಲಮ್ಮಾ?” “ಆ ಯಂತ್ರಕ್ಕೆ ಸುದ್ದಿ ಮುಟ್ಟೋದು ತಡ. ತೆಗೀರಿ.” ದೊಡ್ಡವರು ಗೊಣಗುತ್ತ ತೆಗೆಯುತ್ತಾರೆ, ಅಂಕಿ ಆಗ ಎಂಬತ್ತೆಂಟಕ್ಕೆ ಇಳಿದು, ನಿಧಾನಕ್ಕೆ ಮೇಲೇರುತ್ತದೆ. “ಹ್ಞೂಂ, ಈಗ ಮತ್ತೆ ಒಳಗೆ ಹೋಗಿ ಬನ್ನಿ” ಎಂದು, ಮಗನನ್ನು ಅಂಗಡಿಗೆ ಕಳಿಸುವಂತೆ ಸಿಸ್ಟರ್ ಅಪ್ಪಣೆ ಕೊಡುತ್ತಾರೆ. ಎಡ ಶ್ವಾಸಕೋಶವಿಡೀ ಮುಚ್ಚಿಹೋಗಿದ್ದ ಬಸ್ ಕಂಡಕ್ಟರರೊಬ್ಬರ ಎದೆಯೊಳಗೆ ಡಾಕ್ಟರನ್ನು ಹೀಗೆ ಏಳು ಸಲ ಕಳಿಸಿದರು. ಏಳನೆಯ ಸಲಕ್ಕೆ ಕಫದ ಗಟ್ಟಿ ಹೊರಬಂತು, ಎದೆಯ ಎಡಭಾಗ ಮತ್ತೆ ಏರಿಳಿಯತೊಡಗಿತು. ಯಂತ್ರಕ್ಕಿಂತ ಮೊದಲೇ ಇವರಿಗೆ ಹೇಗೆ ತಿಳಿಯುತ್ತದೆ ಎಂಬುದು ಅಂದೇ ನಮಗೆ ಗೊತ್ತಾದದ್ದು. ಮಾಸ್ಕ್ ಜಾರಿದಾಗ ನೋಡಿದರೆ, ಸಿಸ್ಟರ್ ಮುಖ ಕೆಂಪಾಗಿತ್ತು. ನಳಿಕೆ ಒಳಹೋದ ಕ್ಷಣದಿಂದ ಅವರೂ ಉಸಿರು ಬಿಗಿಹಿಡಿದಿರುತ್ತಾರೆ, ತಮಗೆ ತಡೆಯಲಾಗದಾದಾಗ ‘ಸಾಕು’ ಎನ್ನುತ್ತಾರೆ. ದೊಡ್ಡ ಡಾಕ್ಟರು ಅದನ್ನು ಅವೈಜ್ಞಾನಿಕವೆಂದು ಅರ್ಧ ಗಂಟೆ ವಿವರಿಸಿದರು. ಆದರೆ ಸಿಸ್ಟರ್ ರಜೆ ಹಾಕಿದ ದಿನ, ನಳಿಕೆ ಇಳಿಸುವಾಗ, ಅದೇ ಡಾಕ್ಟರ ಮಾಸ್ಕಿನ ಹಿಂದೆ ಎರಡೂ ಕೆನ್ನೆ ಉಬ್ಬಿರುತ್ತವೆ.