ಐಸ್‌ಕ್ರೀಂ ಅಂಗಡಿ ಮುಂದಿನ ಚಪ್ಪಲಿಗಳು

ಪಕ್ಕದ ಮನೆ ಅತ್ತೆಯ ಬಲಗಾಲಿನ ಹೆಬ್ಬೆರಳು ಉಳಿದ ಬೆರಳುಗಳ ಮೇಲೆ ಮುನಿಸಿಕೊಂಡಂತೆ ದೂರ ನಿಂತಿದೆ. ನಮ್ಮ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತ ಮಗ್ಗ ತುಳಿದೂ ತುಳಿದೂ ಹಾಗಾಗಿದ್ದು. ಅಂಗಡಿ ಚಪ್ಪಲಿ ಯಾವುದೂ ಆ ಕಾಲಿಗೆ ಹಿಡಿಸುವುದಿಲ್ಲ. ಹೇಳಿ ಹೊಲಿಸಿದ ಅಗಲ ಪಟ್ಟಿಯ ಚಪ್ಪಲಿಯೇ ಆಗಬೇಕು.

ಮಂಡಿನೋವು ಹೆಚ್ಚಾದಾಗ ಅತ್ತೆ ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿ ಮುಚ್ಚಿಸಿ, ರಸ್ತೆ ಬದಿಗಿದ್ದ ಆ ಕೋಣೆಯಲ್ಲೇ ಐಸ್‌ಕ್ರೀಂ ಕಂಪನಿಯೊಂದರ ಫ್ರಾಂಚೈಸಿ ತೆಗೆದುಕೊಂಡರು. ಅವರ ಮನೆತನದಲ್ಲಿ ಅಂಗಡಿ ಇಟ್ಟವರೇ ಇರಲಿಲ್ಲ. ಗಾಜಿನ ಬಾಗಿಲು, ಎ.ಸಿ., ತಲೆಗೆ ಕಂಪನಿಯ ಟೋಪಿ. ಟೋಪಿಯ ಕೆಳಗೆ ಕನಕಾಂಬರ. ಅದನ್ನು ತೆಗೆಯಿರಿ ಎನ್ನುವ ಧೈರ್ಯ ಕಂಪನಿಗೂ ಬರಲಿಲ್ಲ.

ಜನ ಮಾತ್ರ ಒಳಗೆ ಬರಲಿಲ್ಲ. ಗಾಜಿನಲ್ಲಿ ಇಣುಕುವರು, ಫಳಫಳ ಹೊಳೆಯುವ ನೆಲ ನೋಡುವರು, ಹೊರಟುಬಿಡುವರು. ಇದೂ ಮುಚ್ಚಿದರೆ ಮತ್ತೆ ಮಗ್ಗಕ್ಕೆ ಕೂರಲು ಮಂಡಿ ಒಪ್ಪುವುದಿಲ್ಲ ಎಂದು ಅತ್ತೆ ನನ್ನ ಮುಂದೆ ಅತ್ತೇಬಿಟ್ಟರು. ಆಮೇಲೆ ಅವರಿಗೇ ಒಂದು ಉಪಾಯ ಹೊಳೆಯಿತು. ನಮ್ಮೂರಿಗೆ ಸೀರೆ ಕೊಳ್ಳಲು ಬಂದವರು ನೇಕಾರರ ಮನೆ ಮುಂದೆ ಚಪ್ಪಲಿ ಬಿಟ್ಟು ಒಳಗೆ ಚಾಪೆ ಮೇಲೆ ಕೂರುತ್ತಾರೆ. ಹೊರಗೆ ಚಪ್ಪಲಿ ಹೆಚ್ಚಿದ್ದ ಮನೆಗೇ ಉಳಿದವರೂ ಹೋಗುತ್ತಾರೆ. ಅತ್ತೆ ತಮ್ಮದು, ಮಾವನದು, ನಮ್ಮವ್ವನದು, ನನ್ನದು, ಎಲ್ಲ ಚಪ್ಪಲಿ ತಂದು ಗಾಜಿನ ಬಾಗಿಲ ಮುಂದೆ ಬಿಟ್ಟರು. ನಾನು ದಿನವೆಲ್ಲ ಬರಿಗಾಲಲ್ಲಿ ಓಡಾಡಿದೆ. ಸಂಜೆಗೆ ಅಂಗಡಿ ತುಂಬಿತ್ತು.

ತಪಾಸಣೆಗೆ ಬಂದ ಕಂಪನಿಯವನಿಗೆ ಆ ರಾಶಿ ನೋಡಿ ಸಿಟ್ಟು ಬಂತು. ಹೀಗಾದರೆ ಫ್ರಾಂಚೈಸಿ ರದ್ದು ಎಂದು ಎಲ್ಲ ತೆಗೆಸಿ ಒಳಗೆ ಕೂತ. ಎಷ್ಟು ಹೊತ್ತಾದರೂ ಒಂದು ನರಪಿಳ್ಳೆಯೂ ಬರಲಿಲ್ಲ. ಅತ್ತೆ ಅವನ ಕೈಗೊಂದು ಐಸ್‌ಕ್ರೀಂ ಕೊಟ್ಟು ಮೆಲ್ಲಗೆ ಹೇಳಿದರು:

“ಸಾರ್, ನಿಮ್ ಬೂಟು ಒಂದೀಟು ಹೊರಗೆ ಬಿಟ್ಟು ನೋಡ್ರಿ. ಜನ ಬರ್ಲಿಲ್ಲ ಅಂದ್ರೆ ನಾನೇ ಬೀಗ ಕೊಡ್ತೀನಿ.”

ಅವನು ನಗುತ್ತಲೇ ಬೂಟು ಬಿಚ್ಚಿಟ್ಟ. ಐಸ್‌ಕ್ರೀಂ ಮುಗಿಯುವಷ್ಟರಲ್ಲಿ ಮದುವೆ ಸೀರೆಗೆ ಬಂದಿದ್ದ ಕುಟುಂಬವೊಂದು ಇಡಿಯಾಗಿ ಒಳಗೆ ಬಂತು. ಹೊರಡುವಾಗ ಅವನು, ಚಪ್ಪಲಿಗೊಂದು ಸ್ಟ್ಯಾಂಡ್ ಇಡಿಸಿ ಎಂದಷ್ಟೇ ಹೇಳಿದ.

ಹೋದ ವರ್ಷ ನಾನೂ ಧೈರ್ಯ ಮಾಡಿ ಚಳ್ಳಕೆರೆಯಲ್ಲಿ ಅದೇ ಕಂಪನಿಯ ಅಂಗಡಿ ತೆರೆದೆ. ಮೊದಲ ದಿನ ಖಾಲಿ ಕುರ್ಚಿಗಳನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಾಗ ಅತ್ತೆ ಬಸ್ಸಿಳಿದು ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ದಿನವೆಲ್ಲ ಒಳಗೇ ಕೂತರು. ಒಬ್ಬೊಬ್ಬರಾಗಿ ಜನ ಬಂದರು. ಸಂಜೆ ಅತ್ತೆ ಬರಿಗಾಲಲ್ಲೇ ಬಸ್ ಸ್ಟ್ಯಾಂಡಿನ ಕಡೆ ಹೊರಟಾಗ ನಾನು ಚಪ್ಪಲಿ ಹಿಡಿದು ಹಿಂದೆ ಓಡಿದೆ.

“ಅಲ್ಲೇ ಇರ್ಲಿ ಬಿಡು ಅಮ್ಮಾಯಿ. ನಾಳೆ ಬಾಗ್ಲು ತೆಗ್ದಾಗ ಒಳಗೆ ಒಬ್ರು ಇದ್ದಂಗೆ ಇರ್ತೈತೆ” ಎಂದರು.

ದಿನಾ ಬೆಳಿಗ್ಗೆ ಆ ಅಗಲ ಪಟ್ಟಿಯ ಚಪ್ಪಲಿ ಒರೆಸಿ ಹೊರಗಿಡುತ್ತೇನೆ. ನನ್ನ ಅಂಗಡಿಯ ಮೊದಲ ಗಿರಾಕಿ ಇವತ್ತಿಗೂ ಅತ್ತೆಯೇ.