ಒಂಬೈನೂರನೆಯ ಸಾಲು

ಕಳೆದ ವಾರ ಅಡಿಗೆಮನೆಯ ಕಪಾಟು ಒರೆಸಲೆಂದು ಡಬ್ಬಿಗಳನ್ನೆಲ್ಲ ಕೆಳಗಿಳಿಸಿದ್ದೆ. ಜೋಳದ ಹಿಟ್ಟಿನ ಡಬ್ಬಿಯ ಕೆಳಗೆ ಹಾಸಿದ್ದ ಕಾಗದ ಎತ್ತಿದರೆ ಅದರ ಬೆನ್ನ ಮೇಲೆ ಪೆನ್ಸಿಲ್ ಗೆರೆಗಳು. ಹಳೆಯ ಮರಾಠಿ ಕ್ಯಾಲೆಂಡರಿನ ಒಂದು ಹಾಳೆ ಅದು. ಎಣ್ಣೆ ಕುಡಿದು ಮೂಲೆಗಳು ಹಳದಿಯಾಗಿದ್ದವು. ಚೌಕ ಚೌಕವಾಗಿ ಮನೆಯ ಕೋಣೆಗಳು. ಪಡಸಾಲೆ, ದೇವರಮನೆ, ಅಡಿಗೆಮನೆ, ದನದ ಕೊಟ್ಟಿಗೆ. ಅಂಗಳದಲ್ಲಿ ಮಾತ್ರ ಒಂದು ದುಂಡನೆಯ ಗುರುತು, ಅದರೊಳಕ್ಕೆ ಹೋಗುವ ಒಂದು ಬಾಣ. ಕೆಳಗಿನ ಮೂಲೆಯಲ್ಲಿ ಬೇರೊಬ್ಬರ ಅಕ್ಷರದಲ್ಲಿ ಬರೀ ಒಂದು ಅಂಕಿ: ೯೦೦. ಅದರ ಮುಂದೆ ಖಾಲಿ.

ಮಗಳು ಬಗ್ಗಿ ನೋಡಿ, ಇದು ಯಾರ ಮನೆಯ ನಕಾಶೆ ಎಂದು ಕೇಳಿದಳು. ಹಿಟ್ಟಿನ ವಾಸನೆ ಮೂಗಿಗೆ ಬಡಿಯುತ್ತಿತ್ತು.

ಮದುವೆಯಾಗಿ ಚಿಕ್ಕೋಡಿಗೆ ಬಂದು ಆಗ ಎರಡು ವರ್ಷವಾಗಿತ್ತು. ಎರಡು ಸಾವಿರದ ಮೂರೋ ನಾಲ್ಕೋ ಇಸವಿ. ನನ್ನ ತವರು ನಿಪ್ಪಾಣಿ, ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ನನಗೆ ಚೆನ್ನಾಗಿ ಕಲಿಸಿದ್ದು ಎರಡು ವಿದ್ಯೆ. ಒಂದು, ದುಂಡಗೆ ಬರೆಯುವುದು. ಇನ್ನೊಂದು, ದೊಡ್ಡವರು ಏನೇ ಕೇಳಿದರೂ ‘ಯೆಸ್ ಸಿಸ್ಟರ್’ ಎನ್ನುವುದು. ಮಧ್ಯಾಹ್ನ ಹೊತ್ತು ಹೋಗುತ್ತಿರಲಿಲ್ಲ. ನಮ್ಮ ಓಣಿಯ ಹಿಟ್ಟಿನ ಗಿರಣಿಯ ಮೇಲಿನ ಅಟ್ಟದಲ್ಲಿ ಹೆಂಗಸರಿಗಾಗಿ ಕಂಪ್ಯೂಟರ್ ಕ್ಲಾಸು ಶುರುವಾಗಿದೆ ಎಂದು ತಿಳಿದು, ಮನೆಯವರನ್ನು ಒಪ್ಪಿಸಿ ಹೆಸರು ಹಚ್ಚಿದೆ.

ಕಲಿಸುತ್ತಿದ್ದವರನ್ನು ನಾವೆಲ್ಲ ಅಕ್ಕೋರು ಎಂದೇ ಕರೆಯುತ್ತಿದ್ದೆವು. ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳಿಗೆಲ್ಲ ಅದೇ ಹೆಸರು. ಮೂವತ್ತೈದರ ಸುಮಾರಿನವರು, ಮದುವೆಯಾಗಿರಲಿಲ್ಲ. ಪಾಲಬಾವಿ ಕಡೆಯ ಒಕ್ಕಲುಮನೆಯವರು. ರಾಯಬಾಗದಲ್ಲಿ ತಮ್ಮ ವೈನಿ, ಎಂದರೆ ತೀರಿಹೋದ ಅಣ್ಣನ ಹೆಂಡತಿಯ ಜೊತೆಗಿದ್ದುಕೊಂಡು ದಿನಾ ಬಸ್ಸಿನಲ್ಲಿ ಬಂದುಹೋಗುತ್ತಿದ್ದರು. ಗಡಿಯಾರದ ಮುಖವನ್ನು ಮಣಿಕಟ್ಟಿನ ಒಳಬದಿಗೆ ತಿರುಗಿಸಿ ಕಟ್ಟುತ್ತಿದ್ದರು. ಎಷ್ಟೇ ಚಿಕ್ಕವರಿದ್ದರೂ ಬಹುವಚನದಲ್ಲೇ ಮಾತನಾಡಿಸುತ್ತಿದ್ದರು.

ಕೆಳಗೆ ಗಿರಣಿ ತಿರುಗಿದರೆ ಮೇಲೆ ನಮ್ಮ ನೆಲ ನಡುಗುತ್ತಿತ್ತು. ಎಲ್ಲಿಂದಲೋ ತಂದ ಹಳೆಯ ನಾಲ್ಕು ಕಂಪ್ಯೂಟರುಗಳು. ಕಪ್ಪು ಪರದೆ, ಬಿಳಿ ಅಕ್ಷರ, ಗುಂಡಿಗಳ ಸಂದಿಯಲ್ಲೆಲ್ಲ ಹಿಟ್ಟಿನ ಧೂಳು. ಕರೆಂಟು ಯಾವಾಗ ಹೋದೀತೆಂದು ಹೇಳುವಂತಿರಲಿಲ್ಲ. ಹೋದರೆ ಅಲ್ಲಿಯವರೆಗೆ ಮಾಡಿದ್ದೆಲ್ಲ ಹೋದಂತೆಯೇ. ಅದಕ್ಕೆ ಅಕ್ಕೋರು ಗಳಿಗೆಗೊಮ್ಮೆ “ಸೇವ್ ಮಾಡೀರೇನು?” ಎಂದು ಕೇಳುವರು. ನಾವು ಒಂದೇ ದನಿಯಲ್ಲಿ ಹೂಂ ಎನ್ನುವೆವು. ಅವರು ನಂಬುತ್ತಿರಲಿಲ್ಲ. ಒಬ್ಬೊಬ್ಬರ ಬೆನ್ನ ಹಿಂದೆಯೂ ಬಂದು ನಿಂತು ಕಣ್ಣಾರೆ ನೋಡಿದ ಮೇಲೆಯೇ ಮುಂದಿನ ಮಾತು. ನಮಗೆ ನಗು ಬರುತ್ತಿತ್ತು. ಒಮ್ಮೆ ಅವರು ಅಂದಿದ್ದರು, “ಹೂಂ ಅನ್ನಾಕ ಬಾಯಿ ಸಾಕ್ರಿ. ನೋಡಾಕ ಎದ್ದು ಬರಬೇಕಾಗತೈತಿ.”

ಬೇಸಿಕ್ ಎಂಬ ಹಳೆಯ ಭಾಷೆಯಲ್ಲಿ ಅವರು ನಮಗೆ ಪ್ರೋಗ್ರಾಮು ಬರೆಯಲು ಕಲಿಸಿದರು. ಅದರಲ್ಲಿ ಪ್ರತಿ ಸಾಲಿಗೂ ಒಂದು ಅಂಕಿ. ಹತ್ತು, ಇಪ್ಪತ್ತು, ಮೂವತ್ತು ಎಂದು ಹತ್ತು ಹತ್ತು ಬಿಟ್ಟು ಬರೆಯಬೇಕು. ಏನಾದರೂ ಮರೆತಿದ್ದರೆ ಆಮೇಲೆ ನಡುವೆ ಸೇರಿಸಲು ಜಾಗ ಇರಲಿ ಎಂದು. ಕೂಡಿಸುವ ಕಳೆಯುವ ಪಾಠ ಮುಗಿದ ಮೇಲೆ ಅವರು ತಾವೇ ಬರೆದ ಒಂದು ಆಟ ತಂದರು. ಚಿತ್ರವಿಲ್ಲ, ಸದ್ದಿಲ್ಲ, ಬರೀ ಮಾತು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ. ‘ನೀನು ಅಂಗಳದಲ್ಲಿರುವೆ. ಪಡುವಣಕ್ಕೆ ಪಡಸಾಲೆ. ಹಗೇವಿನ ಬಾಯಿ ತೆರೆದಿದೆ. ಅಣ್ಣ ಇಲ್ಲಿದ್ದಾನೆ. ಏನು ಮಾಡುವೆ?’ ಎಂದು ಕೇಳಿ ಕಾಯುತ್ತಿತ್ತು. ನಾವು ಎರಡೆರಡು ಮಾತಿನಲ್ಲಿ ಉತ್ತರ ಹೊಡೆಯಬೇಕು: ಪಡಸಾಲೆಗೆ ಹೋಗು, ಹಗ್ಗ ತೊಗೋ, ಕಂದೀಲು ಹಚ್ಚು. ಅದಕ್ಕೆ ಗೊತ್ತಿಲ್ಲದ ಮಾತು ಹೊಡೆದರೆ ‘ತಿಳಿಯಲಿಲ್ಲ’ ಎನ್ನುತ್ತಿತ್ತು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಐನಾಪುರದ ಸೊಸೆಯೊಬ್ಬಳು ಚಹಾ ಮಾಡು ಎಂದು ಹೊಡೆದಳು, ಮಗೂನ ಎತ್ತಿಕೋ ಎಂದು ಹೊಡೆದಳು. ಎಲ್ಲಕ್ಕೂ ತಿಳಿಯಲಿಲ್ಲ, ತಿಳಿಯಲಿಲ್ಲ.

“ಬರೋಬ್ಬರಿ ನಮ್ಮ ಮನ್ಯಾವರಂಗ ಐತಿ ನೋಡ್ರಿ ಅಕ್ಕೋರ,” ಎಂದಳು. ಅಕ್ಕೋರೂ ನಕ್ಕರು. ಅವರು ಹಲ್ಲು ಕಾಣುವಂತೆ ನಕ್ಕಿದ್ದು ನಾನು ನೋಡಿದ್ದು ಅವತ್ತೊಂದೇ ದಿನ.

ಹಗೇವು ಎಂದರೆ ಜೋಳ ತುಂಬಿಡಲು ಭೂಮಿಯಲ್ಲಿ ತೋಡಿದ ಕಣಜ. ಬಾಯಿ ಸಣ್ಣದು, ಒಳಗೆ ಹೊಟ್ಟೆ ದೊಡ್ಡದು, ಮೇಲೊಂದು ಕಲ್ಲು. ತಿಂಗಳುಗಟ್ಟಲೆ ಮುಚ್ಚಿದ್ದನ್ನು ತೆಗೆದಾಗ ಒಳಗಿನ ಗಾಳಿ ಕೆಟ್ಟಿರುತ್ತದೆ. ಮನುಷ್ಯನ ಜೀವ ತೆಗೆಯುವಷ್ಟು. ಅದಕ್ಕೇ ಮೊದಲು ಹಗ್ಗ ಕಟ್ಟಿ ಕಂದೀಲು ಇಳಿಬಿಡುವುದು. ದೀಪ ಉರಿದರೆ ಇಳಿಯಬಹುದು, ಆರಿದರೆ ಇಳಿಯಬಾರದು. ಒಕ್ಕಲುತನದ ಮನೆಗಳಲ್ಲಿ ಮಕ್ಕಳಿಗೂ ಗೊತ್ತಿರುವ ಮಾತು.

ಆಟದಲ್ಲಿ ನಮ್ಮ ಕೆಲಸ ಅಷ್ಟೇ. ಕಂದೀಲು ಅಡಿಗೆಮನೆಯಲ್ಲಿತ್ತು, ಹಗ್ಗ ಕೊಟ್ಟಿಗೆಯಲ್ಲಿ, ಕಡ್ಡಿಪೆಟ್ಟಿಗೆ ದೇವರಮನೆಯ ಗೂಡಿನಲ್ಲಿ. ಆದರೆ ಕಂದೀಲಿನಲ್ಲಿ ಎಣ್ಣೆ ಇಲ್ಲ. ಎಣ್ಣೆ ಓಣಿಯ ಆ ತುದಿಯ ಮನೆಯಲ್ಲಿ. ಹೆಜ್ಜೆ ಹೆಜ್ಜೆಗೂ ‘ಮುಂದೆ ಹೋಗು’ ಎಂದು ಹೊಡೆಯುತ್ತ ಬೆರಳು ನೋಯುತ್ತಿತ್ತು. ಅಷ್ಟರಲ್ಲಿ ಪರದೆಯ ಮೇಲೆ ಬರುತ್ತಿತ್ತು: ‘ಪಡಸಾಲೆಯಿಂದ ಅಪ್ಪ ಕೇಳುತ್ತಾನೆ. ಕಂದೀಲು ಇಳಿಸಿದೆಯಾ? ಹೌದಾದರೆ ಹೆಚ್, ಇಲ್ಲವಾದರೆ ಐ.’

ನಾವೆಲ್ಲರೂ ಹೆಚ್ ಒತ್ತಿದೆವು. ಯಾರೂ ವಿಚಾರ ಮಾಡಲಿಲ್ಲ. ಕಂಪ್ಯೂಟರ್ ಏನು ಕೇಳಿದರೂ ಹೌದು ಎಂದರೆ ಮುಂದೆ ಹೋಗುತ್ತದೆ ಎಂದು ಅಷ್ಟು ದಿನದಲ್ಲಿ ಕಲಿತಿದ್ದೆವಲ್ಲ. ‘ಅಣ್ಣ ಇಳಿದ’ ಎಂದು ಬಂತು. ಅದರ ಕೆಳಗೆ ಮತ್ತೆ ಅದೇ: ‘ನೀನು ಅಂಗಳದಲ್ಲಿರುವೆ. ಪಡುವಣಕ್ಕೆ ಪಡಸಾಲೆ. ಹಗೇವಿನ ಬಾಯಿ ತೆರೆದಿದೆ. ಏನು ಮಾಡುವೆ?’ ಸೋತೆ ಎನ್ನಲಿಲ್ಲ, ಗೆದ್ದೆ ಎನ್ನಲಿಲ್ಲ. ಇಡೀ ಮನೆ ತಿರುಗಾಡಬಹುದಿತ್ತು, ಬೇಕಾದಷ್ಟು ಹೊತ್ತು. ‘ಅಣ್ಣ ಇಲ್ಲಿದ್ದಾನೆ’ ಎಂಬ ಒಂದು ಸಾಲು ಮಾತ್ರ ಎಲ್ಲಿ ಹೋದರೂ ಬರುತ್ತಿರಲಿಲ್ಲ. ಉಳಿದವರು ಆಟ ಅರ್ಧಕ್ಕೇ ನಿಂತಿದೆ ಎಂದುಕೊಂಡು ಸುಮ್ಮನಾದರು. ಅಕ್ಕೋರು ನಮ್ಮ ಬೆನ್ನ ಹಿಂದೆ ನಿಂತು, ಯಾರು ಯಾವ ಗುಂಡಿ ಒತ್ತುತ್ತಾರೆಂದು ನೋಡುತ್ತಿದ್ದರು. ಯಾಕೆಂದು ಆಗ ನನಗೆ ಹೊಳೆಯಲಿಲ್ಲ...

ನನಗೆ ಮಾತ್ರ ಆಟದ ಗೀಳು ಹತ್ತಿತು. ಮನೆಯಲ್ಲಿ ಕ್ಯಾಲೆಂಡರಿನ ಹಾಳೆಯ ಬೆನ್ನಮೇಲೆ ನಕಾಶೆ ಬರೆದುಕೊಂಡೆ. ಆಷಾಢದ ಒಂದು ಮಧ್ಯಾಹ್ನ, ಮಳೆಯ ದಿನ, ಕ್ಲಾಸಿಗೆ ಬಂದವಳು ನಾನೊಬ್ಬಳೇ. ನಕಾಶೆ ಮುಂದಿಟ್ಟುಕೊಂಡು ಆಡುತ್ತ, ಈ ಸಲ ಏನಾಗುತ್ತದೋ ನೋಡೋಣ ಎಂದು, ಅಪ್ಪನ ಪ್ರಶ್ನೆಗೆ ಐ ಒತ್ತಿದೆ. ಆಟ ಗಕ್ಕನೆ ನಿಂತಿತು. ಒಂಬೈನೂರನೆಯ ಸಾಲಿಗೆ ಹೋಗೆಂದು ಬರೆದಿದೆ, ಆದರೆ ಅಂಥ ಸಾಲೇ ಇಲ್ಲ ಎಂದಿತು ಕಂಪ್ಯೂಟರು. ತಪ್ಪು ಹಿಡಿದ ಜಾಣ ಹುಡುಗಿಯ ಹಾಗೆ ನಾನು ಅಕ್ಕೋರನ್ನು ಕರೆದು ತೋರಿಸಿದೆ.

ಅವರು ಬಂದು ಪರದೆ ನೋಡಿದರು. ಕೆಳಗೆ ಗಿರಣಿ ನಿಂತಿತ್ತು. ಆಮೇಲೆ ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತು, ಕೀಲಿಗಳ ಮೇಲಿನ ಹಿಟ್ಟನ್ನು ಸೆರಗಿನಿಂದ ಒರೆಸುತ್ತ ಹೇಳಿದರು.

“ಕಂದೀಲದಾಗ ಎಣ್ಣಿ ಇರಲಿಲ್ರಿ. ಓಣಿ ಆ ತುದಿ ಮನಿಗೆ ಹೋಗಿ ಇಸ್ಕೊಂಡು ಬಾ ಅಂದಿದ್ಲು ಅವ್ವ. ನಾ ಹನ್ನೊಂದು ವರ್ಷದಾಕಿ, ಅಂಗಳದಾಗ ಕುಂಟಾಟ ಆಡಾಕತ್ತಿದ್ದೆ. ಅಪ್ಪ ಒಳಗಿಂದ ಕೇಳಿದ, ಕಂದೀಲ ಇಳಿಸೀಯೇನು ಅಂತ. ಹೂಂ ಅಂದೆ. ಆರಲಿಲ್ಲಲ್ಲಾ ಅಂದ. ಇಲ್ಲ, ಉರದೈತಿ ಅಂದೆ. ಅಣ್ಣ ಇಳದ.”

ಅಷ್ಟೇ. ಅಣ್ಣನ ಮದುವೆಯಾಗಿ ಒಂದು ವರ್ಷವೂ ಆಗಿರಲಿಲ್ಲವಂತೆ. ದೀಪ ಉರಿದೂ ಜೀವ ಹೋಯಿತಲ್ಲ, ದೀಪವೇ ಮೋಸ ಮಾಡಿತು ಎಂದು ಊರೆಲ್ಲ ಮಾತಾಡಿಕೊಂಡರಂತೆ. ವೈನಿ ಇವತ್ತಿಗೂ ಸಂಜೆ ಗೂಡಿನಲ್ಲಿ ದೀಪ ಹಚ್ಚುತ್ತಾರೆ, ಆದರೆ ಅದಕ್ಕೆ ಕೈ ಮುಗಿಯುವುದಿಲ್ಲ ಎಂದರು ಅಕ್ಕೋರು. ಇಪ್ಪತ್ತೈದು ವರ್ಷದಿಂದ ಬೈಸಿಕೊಳ್ಳುತ್ತಿರುವುದು ದೀಪ... ಅದನ್ನು ಅಕ್ಕೋರು ದಿನಾ ಸಂಜೆ ಎದುರಿಗೆ ಕೂತು ನೋಡಬೇಕಿತ್ತು.

ವೈನಿಗೆ ಹೇಳಿಬಿಡಬಾರದೇ ಎಂದು ನಾನು ಕೇಳಿದೆ. ಎಷ್ಟೋ ಸಲ ಬಾಯಿಗೆ ಬಂದಿದೆ, ಹೊರಗೆ ಬಂದಿಲ್ಲ ಎಂದರು. ಮೊದಲು ಯಾರೂ ಇಲ್ಲದಲ್ಲಿ, ಒಂದು ಯಂತ್ರದೊಳಗಾದರೂ, ಇಲ್ಲ ಎಂದು ಹೇಳಿ ನೋಡೋಣವೆಂದು ಈ ಆಟ ಬರೆದರಂತೆ. ಹೆಚ್ ಒತ್ತಿದ ಮೇಲಿನದು ಒಂದೇ ದಿನದಲ್ಲಿ ಬರೆದಾಯಿತು. ಐ ಒತ್ತಿದ ಮೇಲಿನದಕ್ಕೆ ಕೈಯೇ ಬರಲಿಲ್ಲ.

“ಇಲ್ಲ ಅಂದಿದ್ರ ಏನಾಗತಿತ್ತು ಅನ್ನೋದು ನನಗ ಬರಿಯಾಕ ಆಗವಲ್ದ್ರಿ. ನೀವು ಬರೀರಿ. ಅದೊಂದು ಬರದ ಮ್ಯಾಲ ಓದಿದ್ನಂದ್ರ, ವೈನಿ ಮುಂದ ಹೇಳಾಕ ಧೈರ್ಯ ಬರತೈತೇನೋ.”

ನನ್ನ ನಕಾಶೆಯ ಮೂಲೆಯಲ್ಲಿ ತಾವೇ ೯೦೦ ಎಂದು ಬರೆದು ಕೊಟ್ಟರು. ನಾನು ಹೂಂ ಎಂದೆ.

ಏನು ದೊಡ್ಡ ಕೆಲಸ! ‘ಅಪ್ಪ ಬೈದ. ನೀನು ಎಣ್ಣೆ ತಂದೆ. ಕಂದೀಲು ಆರಿತು. ಅಣ್ಣ ಇಳಿಯಲಿಲ್ಲ.’ ನಾಲ್ಕು ಮಾತು. ಆದರೆ ಪೆನ್ಸಿಲ್ ಹಿಡಿದಾಗೆಲ್ಲ ನಿಲ್ಲುತ್ತಿದ್ದೆ. ಇಳಿಯದೆ ಉಳಿದ ಅಣ್ಣ ಆಮೇಲೆ ಏನು ಮಾಡಿದ? ಕಾಲು ತೊಳೆದು ಊಟಕ್ಕೆ ಕೂತನೇ? ತಂಗಿಯ ಜಡೆ ಎಳೆದನೇ? ನಾನು ಆತನ ಮುಖ ನೋಡಿದವಳಲ್ಲ. ಅಷ್ಟರಲ್ಲಿ ನಾನು ಬಸುರಿಯಾದೆ. ಗಿರಣಿಯ ಮೆಟ್ಟಿಲು ಹತ್ತಬಾರದೆಂದು ಅತ್ತೆಯವರು ಕ್ಲಾಸು ಬಿಡಿಸಿದರು. ನಿಪ್ಪಾಣಿಯಲ್ಲಿ ಬಾಣಂತನ, ಕೂಸು, ಅದರ ಜ್ವರ, ಹೋಗುವವರು ಬರುವವರು... ಹಾಳೆ ಪೆಟ್ಟಿಗೆಯಲ್ಲಿ ಉಳಿಯಿತು. ಅಕ್ಕೋರು ಒಂದೆರಡು ಸಲ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಕೂಸಿನ ಕೆನ್ನೆ ಮುಟ್ಟಿ ಮಾತಾಡಿಸಿದರು. ಆ ಸಾಲಿನ ಬಗ್ಗೆ ಕೇಳಲಿಲ್ಲ.

ಮಗಳಿಗೆ ಮೂರು ವರ್ಷವಾದಾಗ, ಅಕ್ಕೋರಿಗೆ ಹೊಟ್ಟೆಯಲ್ಲಿ ಗಡ್ಡೆಯಾಗಿದೆ, ಮಿರಜಿನ ಆಸ್ಪತ್ರೆಗೆ ಒಯ್ದಿದ್ದರು, ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಕಳಿಸಿದ್ದಾರೆ ಎಂದು ಯಾರೋ ಹೇಳಿದರು. ರಾಯಬಾಗಕ್ಕೆ ಹೋದೆ. ಸಂಜೆಯಾಗುತ್ತಿತ್ತು. ಒಂದೇ ಕೋಣೆಯ ಮನೆ, ಕಿಟಕಿಯ ಪಕ್ಕಕ್ಕೆ ಮಂಚ. ಅಕ್ಕೋರ ಗಡಿಯಾರ ಮಣಿಕಟ್ಟಿನಲ್ಲಿ ನಿಲ್ಲದೆ ಮೊಣಕೈವರೆಗೆ ಜಾರಿತ್ತು. ವೈನಿ ನನಗೆ ಚಹಾ ಕೊಟ್ಟು, ಗೂಡಿನ ದೀಪಕ್ಕೆ ಬತ್ತಿ ಹೊಸೆಯುತ್ತ ಗೋಡೆಯ ಕಡೆ ಮುಖಮಾಡಿ ನಿಂತರು. ತೆಳ್ಳನೆಯ ಬೆನ್ನು, ಮಾಸಿದ ಕುಪ್ಪಸ.

ಅಕ್ಕೋರು ನನ್ನ ಕಡೆ ಹೊರಳಿದರು. ಅಷ್ಟು ವರ್ಷ ನನ್ನನ್ನು ರೀ ಹಚ್ಚಿಯೇ ಮಾತನಾಡಿಸಿದವರು ಅವತ್ತು ಮೊದಲ ಸಲ ಏಕವಚನದಲ್ಲಿ ಕೇಳಿದರು.

“ಬರದೀಯೇನ ತಂಗಿ?”

ಸಾಯಲು ಮಲಗಿದವರಿಗೆ ಇಲ್ಲ ಎನ್ನುವುದು ಹೇಗೆ? ಸಮಾಧಾನವಾದರೂ ಆಗಲಿ ಎನಿಸಿತು. ಚಿಕ್ಕಂದಿನಿಂದ ಬಾಯಿಗೆ ರೂಢಿಯಾದದ್ದು ತಾನಾಗಿ ಹೊರಬಂತು.

“ಹೂಂನ್ರಿ ಅಕ್ಕೋರ. ಬರದೀನಿ.”

ಅವರು ನನ್ನ ಮುಖ ನೋಡಿದರು. ಬೆನ್ನ ಹಿಂದೆ ನಿಂತು ಪರದೆ ನೋಡುತ್ತಿದ್ದರಲ್ಲ, ಅದೇ ನೋಟ. ಆಮೇಲೆ ಬಹಳ ಮೆಲ್ಲಗೆ ಕೇಳಿದರು, “ಆರಲಿಲ್ಲಲ್ಲಾ?”

ಗೋಡೆಯ ಕಡೆಯಿಂದ ವೈನಿ, ಆಗತಾನೆ ಹಚ್ಚಿದ ದೀಪದ ಮಾತೆಂದು ತಿಳಿದು, ತಿರುಗದೆಯೇ ಹೇಳಿದರು:

“ಇಲ್ಲವ್ವಾ, ಉರಿಯಾಕತ್ತೈತಿ.”

ಅಕ್ಕೋರು ಕಣ್ಣು ಮುಚ್ಚಿಕೊಂಡರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಎದ್ದು ಬಂದು ನೋಡುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ನಾನು ಅವತ್ತೇ ಮನೆಗೆ ಬಂದು ಹಾಳೆ ತೆಗೆದು ಕೂತೆ. ಬರೆಯಲಾಗಲಿಲ್ಲ. ನಾಲ್ಕನೆಯ ದಿನ ಸುದ್ದಿ ಬಂತು.

ಮಣ್ಣು ಮುಗಿದ ಮೇಲೆ ವೈನಿಯವರನ್ನು ಮಾತಾಡಿಸಲು ಹೋಗಿದ್ದೆ. ಅವರು ದೀಪ ಹಚ್ಚಿದರು, ಕೈ ಮುಗಿಯಲಿಲ್ಲ. ಅಕ್ಕೋರು ಹೇಳಿರಲಿಲ್ಲವೆಂದು ಅದರಿಂದಲೇ ಗೊತ್ತಾಯಿತು. ನಾನಾದರೂ ಹೇಳಬೇಕಿತ್ತೇನೋ. ಹೇಳುವ ಹಕ್ಕು ನನ್ನದಲ್ಲ ಎಂದು ಸಮಾಧಾನ ಮಾಡಿಕೊಂಡು ಬಸ್ ಹತ್ತಿದೆ. ಹಕ್ಕಿನ ಮಾತಾಗಿತ್ತೋ, ಧೈರ್ಯದ ಮಾತಾಗಿತ್ತೋ... ಮುಂದೆ ಕ್ಲಾಸು ಮುಚ್ಚಿತು. ಕಂಪ್ಯೂಟರುಗಳು ಹಳೆಯ ಸಾಮಾನು ಕೊಳ್ಳುವ ಮೋಡಕದವರ ಗಾಡಿಯಲ್ಲಿ ಹೋದವು. ಅವುಗಳೊಳಗೆ ಆ ಮನೆ, ಆ ಅಂಗಳವೂ ಹೋಯಿತು. ವೈನಿಯೂ ಈಗಿಲ್ಲ.

ಉಳಿದಿರುವುದು, ಯಾವಾಗಲೋ ಡಬ್ಬಿಯ ಕೆಳಗೆ ಸೇರಿಹೋಗಿದ್ದ ಈ ಹಾಳೆ. ಮೊನ್ನೆ ಅದನ್ನು ಮಡಿಲಲ್ಲಿಟ್ಟುಕೊಂಡು ಪೆನ್ಸಿಲ್ ಹಿಡಿದು ಕೂತೆ. ದುಂಡನೆಯ ಗುರುತಿನೊಳಕ್ಕೆ ಹೋಗುವ ಬಾಣ ಇದೆ, ಹೊರಗೆ ಬರುವುದು ಇಲ್ಲ. ಅದನ್ನೊಂದು ಎಳೆದುಬಿಡಲು ಎಷ್ಟು ಹೊತ್ತು? ಎಳೆಯಲಿಲ್ಲ. ಇನ್ನು ಯಾರಿಗೆ ತೋರಿಸಬೇಕಿತ್ತು?

ಪಡಸಾಲೆಯಿಂದ ಮಗಳು ಕೂಗಿದಳು, “ಮಮ್ಮಿ, ಗ್ಯಾಸ್ ಬಂದ್ ಮಾಡೀಯೇನು?”

ಹೂಂ ಎಂದೆ. ಅಂದ ಮೇಲೆ ಎದ್ದು ಹೋಗಿ ನೋಡಿದೆ.